ಸ್ಪಷ್ಟನೆ: ಆನ್ ಆಗದ ಲ್ಯಾಪ್‌ಟಾಪನ್ನು ಫ್ರಿಜ್‌ನಲ್ಲಿ ಇಡಬೇಡಿ

‘ಬಿಸಿಲಿಗೆ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ’ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು. ಫ್ರಿಜ್‌ನಿಂದ ತೆಗೆದ ತಂಬಿಗೆಯ ಮೈ ಬೆವರುವಂತೆ ಲ್ಯಾಪ್‌ಟಾಪಿನ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡ್ ಮೇಲೂ ಹನಿ ಕೂರುತ್ತದೆ. ಆಗ ಗುಂಡಿ ಒತ್ತಿದರೆ ಶಾರ್ಟ್ ಆಗಬಹುದು.

ನಮ್ಮಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ನಿಜ. ಹಲವು ಲ್ಯಾಪ್‌ಟಾಪ್‌ಗಳಿಗೆ ತಯಾರಕರು ಹೇಳುವ ಸುತ್ತಲಿನ ತಾಪದ ಮಿತಿ 35 ಡಿಗ್ರಿ. ಕಾದಿದ್ದರೆ ನೆರಳಿನಲ್ಲಿ, ಫ್ಯಾನಿನ ಕೆಳಗೆ ತಾನಾಗಿ ತಣಿಯಲು ಬಿಡಿ. ಬಳಿಕ ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ಬಿಚ್ಚಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಬರಿದಾಗುತ್ತದೆ. ಆಮೇಲೆ ಚಾರ್ಜರ್ ಮಾತ್ರ ಜೋಡಿಸಿ ಆನ್ ಮಾಡಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಫ್ಯಾನಿನ ಸದ್ದಿದ್ದೂ ಪರದೆ ಕಪ್ಪಾಗಿದ್ದರೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಕೆಟ್ಟಿರುವುದು ಪರದೆಯ ಬೆಳಕು ಮಾತ್ರ.

‘ಆನ್ ಆಗದಿದ್ದರೆ ಕಡತಗಳೂ ಹೋದಂತೆಯೇ’ ಎಂಬ ಮಾತಿಗೆ ವಿದ್ಯಾರ್ಥಿಗಳು ಹೆದರಬೇಕಿಲ್ಲ. ಕಡತಗಳಿರುವ ಡಿಸ್ಕ್ ಸರಿಯಿದ್ದರೆ, ಮದರ್‌ಬೋರ್ಡ್ ಸುಟ್ಟರೂ ಬಹುತೇಕ ಮಾದರಿಗಳಲ್ಲಿ ಡಿಸ್ಕನ್ನು ಬೇರ್ಪಡಿಸಿ ಪ್ರಾಜೆಕ್ಟ್ ವರದಿ ಉಳಿಸಿಕೊಳ್ಳಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕದೆ ನೇರ ದುರಸ್ತಿಗೆ ಒಯ್ಯಿರಿ.