ಪುಟ ಅಲುಗಬಾರದು, ಚಿತ್ರ ಮಾತ್ರ ಸರಿಯಬೇಕು

ವಿಕಿ ಲೇಖನಗಳಲ್ಲಿ ಪನೋರಮಾ (ತುಂಬಾ ಅಗಲದ ಚಿತ್ರ) ಹಾಕಿದ ಕಡೆಯೆಲ್ಲ ಒಂದೇ ದೂರು: "ಮೊಬೈಲಿನಲ್ಲಿ ಇಡೀ ಪುಟ ಪಕ್ಕಕ್ಕೆ ಜಾರುತ್ತೆ, ಓದೋಕೆ ಆಗ್ತಿಲ್ಲ." ದೂರು ಬಂದ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಯಾರೋ ಬಂದು ಚಿತ್ರವನ್ನೇ ಕಿತ್ತುಹಾಕುತ್ತಾರೆ, ಇಲ್ಲವೇ ಅದನ್ನು 300 ಪಿಕ್ಸೆಲ್‌ ಥಂಬ್‌ನೇಲ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಎರಡೂ ತಪ್ಪು. 12,000 ಪಿಕ್ಸೆಲ್ ಅಗಲ, 1,500 ಪಿಕ್ಸೆಲ್ ಎತ್ತರದ ಒಂದು ಬೆಟ್ಟಸಾಲಿನ ಚಿತ್ರ ಇದೆ ಅಂತಿಟ್ಟುಕೊಳ್ಳಿ. ಅದನ್ನು 300ಕ್ಕೆ ಇಳಿಸಿದರೆ ಉಳಿಯುವ ಎತ್ತರ 38 ಪಿಕ್ಸೆಲ್, ಅಂದರೆ ಎರಡು ಸಾಲು ಅಕ್ಷರದಷ್ಟು. ಬೆಟ್ಟ ಯಾವುದು, ಮೋಡ ಯಾವುದು ಅಂತ ಗೊತ್ತಾಗದ ಒಂದು ಬೂದು ಪಟ್ಟಿಯನ್ನು ಲೇಖನದಲ್ಲಿ ಇಟ್ಟುಕೊಂಡು ಏನು ಪ್ರಯೋಜನ?

ಅಗಲ ಚಿತ್ರಕ್ಕೆ ಅದರದೇ ಪೆಟ್ಟಿಗೆಯೊಳಗೆ ಅಡ್ಡ ಸ್ಕ್ರೋಲ್ ಕೊಡಬೇಕು, ಪುಟ ಮಾತ್ರ ಒಂದು ಪಿಕ್ಸೆಲ್ಲೂ ಅಲುಗಬಾರದು. ಈ ಕೆಲಸ ನಡೆಯಬೇಕಾದ್ದು ಟೆಂಪ್ಲೇಟಿನಲ್ಲಿ (ಹಲವು ಲೇಖನಗಳು ಹಂಚಿಕೊಳ್ಳುವ ಅಚ್ಚಿನಲ್ಲಿ), ಒಂದೇ ಒಂದು ಸಲ. ಲೇಖನ ಲೇಖನಕ್ಕೂ ಹೋಗಿ ಡಿವ್ (ಪುಟದಲ್ಲಿ ಪೆಟ್ಟಿಗೆ ಮಾಡುವ ಎಚ್‌ಟಿಎಂಎಲ್ ಗುರುತು) ಬರೆದು, ಒಂದು ಕಡೆ 700, ಇನ್ನೊಂದು ಕಡೆ 850 ಅಂತ ಪಿಕ್ಸೆಲ್ ಲೆಕ್ಕ ತುಂಬುವುದನ್ನು ದಯವಿಟ್ಟು ನಿಲ್ಲಿಸಿ. ಹಾಗೆ ತುಂಬಿದ್ದನ್ನು ಮುಂದೊಂದು ದಿನ ಹುಡುಕಿ ಹುಡುಕಿ ತೆಗೆಯುವವರ ಗತಿ ಯಾರಿಗೂ ಬೇಡ.

ಟೆಂಪ್ಲೇಟಿನ ಒಳಗಿನ ರಚನೆಯಿಂದಲೇ ಶುರು ಮಾಡೋಣ, ಮುಕ್ಕಾಲು ಪಾಲು ತೊಂದರೆಯ ಬೇರು ಅಲ್ಲೇ ಇರುತ್ತದೆ. ಬೇಕಾಗಿರುವುದು ಮೂರು ಪದರ. ಹೊರಗೆ ಅಂಚುಗೆರೆ ಇರುವ ಪೆಟ್ಟಿಗೆ, ಅದರೊಳಗೆ ಸ್ಕ್ರೋಲ್ ಆಗುವ ಪೆಟ್ಟಿಗೆ, ಅದರೊಳಗೆ ಚಿತ್ರ. ಹೊರ ಪೆಟ್ಟಿಗೆಗೆ ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) 100%. ನಡುವಿನದಕ್ಕೆ ಓವರ್‌ಫ್ಲೋ-ಎಕ್ಸ್ (ಅಗಲ ಮೀರಿದ ಭಾಗವನ್ನು ಏನು ಮಾಡಬೇಕು ಅನ್ನುವ ನಿಯಮ) ಆಟೋ. ಸ್ಕ್ರೋಲ್ ಅಂತ ಕೊಡಬೇಡಿ, ಕೊಟ್ಟರೆ ಚಿತ್ರ ಪೂರ್ತಿ ಹಿಡಿಸುವ ದೊಡ್ಡ ಪರದೆಯಲ್ಲೂ ಕೆಲಸಕ್ಕೆ ಬಾರದ ಪಟ್ಟಿಯೊಂದು ಕೆಳಗೆ ಕೂತಿರುತ್ತದೆ. ಚಿತ್ರದ ವಿವರಣೆ ಇರಬೇಕಾದ್ದು ನಡುವಿನ ಪೆಟ್ಟಿಗೆಯ ಹೊರಗೆ, ಹೊರ ಪೆಟ್ಟಿಗೆಯ ಒಳಗೆ. ಇದನ್ನು ತಪ್ಪಿಸಿದ ಟೆಂಪ್ಲೇಟುಗಳು ಬೇಕಾದಷ್ಟಿವೆ. ವಿವರಣೆಯೂ ಸ್ಕ್ರೋಲ್ ಪೆಟ್ಟಿಗೆಯೊಳಗೇ ಇದ್ದರೆ ಓದುಗ ಚಿತ್ರವನ್ನು ಎಡಕ್ಕೆ ಎಳೆದ ಕೂಡಲೇ ಅಕ್ಷರವೂ ಜೊತೆಗೆ ಹೊರಟುಹೋಗುತ್ತದೆ. ಕೆಲವು ಕಡೆ ಆ ವಿವರಣೆ 2,400 ಪಿಕ್ಸೆಲ್ ಉದ್ದದ ಒಂದೇ ಸಾಲಾಗಿ ಹರಡಿಕೊಂಡಿರುತ್ತದೆ. ಅದನ್ನು ಓದಿ ಮುಗಿಸಲು ಏಳು ಸಲ ಬೆರಳಾಡಿಸಬೇಕು.

ಅಳತೆಯನ್ನು ಅಗಲದಿಂದ ಯೋಚಿಸಬೇಡಿ, ಎತ್ತರದಿಂದ ಯೋಚಿಸಿ. ಓದುಗನ ಕಣ್ಣಿಗೆ ಹಿತವಾಗಿ ಕಾಣಲು 250ರಿಂದ 400 ಪಿಕ್ಸೆಲ್ ಎತ್ತರ ಸಾಕು. ಮೇಲಿನ ಬೆಟ್ಟಸಾಲಿನ ಚಿತ್ರ ಎತ್ತರಕ್ಕೆ ಹೋಲಿಸಿದರೆ ಎಂಟು ಪಟ್ಟು ಅಗಲ. ಹಾಗಾಗಿ 300 ಎತ್ತರ ಬೇಕಾದರೆ ಟೆಂಪ್ಲೇಟಿಗೆ ಕೊಡಬೇಕಾದ ಅಗಲ 2,400. ಪರದೆಯ ಸಾಂದ್ರತೆ ದುಪ್ಪಟ್ಟಿರುವ ಫೋನುಗಳಿಗೆ ವಿಕಿಯ ತಂತ್ರಾಂಶವಾದ ಮೀಡಿಯಾವಿಕಿ ಎರಡು ಪಟ್ಟು ದೊಡ್ಡ ಪ್ರತಿಯನ್ನೂ ಸಿದ್ಧವಿಡುತ್ತದೆ, ಅಂದರೆ 4,800 ಪಿಕ್ಸೆಲ್ಲಿನದು. ಹೀಗಿರುವಾಗ "ಇನ್ನೂ ಚೆನ್ನಾಗಿ ಕಾಣಲಿ" ಅಂತ 6,000 ಕೊಡುವುದು ಓದುಗನ ಡೇಟಾ ಸುಡುವ ಕೆಲಸ. ಪೂರ್ಣ ಗಾತ್ರ ಬೇಕಾದವರು ಚಿತ್ರದ ಮೇಲೆ ಒತ್ತಿ ಕಡತದ ಪುಟಕ್ಕೆ ಹೋಗುತ್ತಾರೆ. ಇದರ ಉಲ್ಟಾ ತಪ್ಪೂ ಇದೆ. ಮೂಲ ಕಡತವೇ 1,600 ಅಗಲದ್ದಾಗಿರುವಾಗ 2,400 ಕೇಳಿದರೆ ಬ್ರೌಸರ್ ಅದನ್ನು ಹಿಗ್ಗಿಸಿ ಮಂಜು ಮಂಜಾಗಿ ತೋರಿಸುತ್ತದೆ. ಕಡತದ ಪುಟದಲ್ಲಿ ಮೂಲ ಅಳತೆ ನೋಡಿಯೇ ಸಂಖ್ಯೆ ಹಾಕಿ.

ಇನ್ನು ಪುಟ ಜಾರುವ ವಿಷಯ. ಪೆಟ್ಟಿಗೆಗೆ ಓವರ್‌ಫ್ಲೋ ಸರಿಯಾಗಿಯೇ ಕೊಟ್ಟಿದೆ, ಆದರೂ ಪುಟ ಅಗಲವಾಗುತ್ತಿದೆ. ಎಲ್ಲರೂ ತಲೆಕೆಡಿಸಿಕೊಳ್ಳುವುದು ಇಲ್ಲೇ. ಆಗ ಪೆಟ್ಟಿಗೆಯನ್ನು ಬಿಟ್ಟು ಅದರ ಅಪ್ಪ ಯಾರು, ತಾತ ಯಾರು, ಅಂದರೆ ಅದನ್ನು ಸುತ್ತಿರುವ ಹೊರಗಿನ ಪೆಟ್ಟಿಗೆಗಳು ಯಾವುವು ಅಂತ ನೋಡಬೇಕು. ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್ ವಿನ್ಯಾಸದೊಳಗಿನ ಅಂಶ ಸಾಮಾನ್ಯವಾಗಿ ತಾನಾಗಿ ತನ್ನೊಳಗಿನ ವಸ್ತುವಿಗಿಂತ ಚಿಕ್ಕದಾಗುವುದಿಲ್ಲ, ಅದರ ಮಿನ್-ವಿಡ್ತ್ (ಕನಿಷ್ಠ ಅಗಲ) ಮೊದಲಿಗೆ ಆಟೋ ಆಗಿರುತ್ತದೆ. ಒಳಗೆ 2,400 ಪಿಕ್ಸೆಲ್ ಚಿತ್ರ ಇದ್ದರೆ ಅದೂ 2,400ಕ್ಕೆ ಹಿಗ್ಗುತ್ತದೆ, ಜೊತೆಗೆ ನಿಮ್ಮ ಸ್ಕ್ರೋಲ್ ಪೆಟ್ಟಿಗೆಯೂ ಹಿಗ್ಗುತ್ತದೆ. ಚಿತ್ರ ಪೂರ್ತಿ ಹಿಡಿಸಿದೆಯಲ್ಲ ಅಂತ ಪೆಟ್ಟಿಗೆ ಸ್ಕ್ರೋಲ್ ಆಗದೆ ಸುಮ್ಮನಿರುತ್ತದೆ, ಪುಟ ಜಾರುತ್ತದೆ. ಮದ್ದು ಒಂದೇ ಸಾಲು: ಆ ಫ್ಲೆಕ್ಸ್ ಅಂಶಕ್ಕೆ ಮಿನ್-ವಿಡ್ತ್ 0. ಗ್ರಿಡ್‌ನಲ್ಲಿ (ಚೌಕಳಿ ಜೋಡಣೆಯಲ್ಲಿ) ಇದೇ ರೋಗಕ್ಕೆ 1 ಎಫ್‌ಆರ್ (ಉಳಿದ ಜಾಗದ ಒಂದು ಪಾಲು) ಅಂತ ಬರೆದಿರುವ ಕಡೆ ಮಿನ್‌ಮ್ಯಾಕ್ಸ್ ಬಳಸಿ, ಕನಿಷ್ಠ 0, ಗರಿಷ್ಠ 1 ಎಫ್‌ಆರ್ ಕೊಡಿ. ಚಿತ್ರ ಕೋಷ್ಟಕದ ಕೋಶದೊಳಗಿದ್ದರೆ ಕೋಷ್ಟಕಕ್ಕೆ ಅಗಲ 100%, ಟೇಬಲ್-ಲೇಔಟ್ ಫಿಕ್ಸೆಡ್. ಇಲ್ಲದಿದ್ದರೆ ಕೋಶ ಚಿತ್ರದ ಅಗಲಕ್ಕೆ ಉಬ್ಬುತ್ತದೆ. ನಿಜ ಹೇಳಬೇಕೆಂದರೆ ಪನೋರಮಾವನ್ನು ಕೋಷ್ಟಕದೊಳಗೆ ಇಡದಿರುವುದೇ ಒಳ್ಳೆಯದು.

ಇದಕ್ಕೆಲ್ಲ ಅಡ್ಡದಾರಿ ಹಿಡಿದು ಇಡೀ ಪುಟವನ್ನು ಹಿಡಿದಿರುವ ಬಾಡಿ ಅಂಶಕ್ಕೇ ಓವರ್‌ಫ್ಲೋ-ಎಕ್ಸ್ ಹಿಡನ್ ಕೊಡುವವರಿದ್ದಾರೆ. ಜಾರುವುದೇನೋ ನಿಲ್ಲುತ್ತದೆ, ಆದರೆ ಬಲಕ್ಕೆ ಚಾಚಿದ್ದ ಭಾಗವನ್ನು ನೋಡುವ ದಾರಿಯೂ ಮುಚ್ಚಿಹೋಗುತ್ತದೆ. ಅದೇ ಹಿಡನ್ ಅನ್ನು ಲೇಖನವನ್ನು ಸುತ್ತಿರುವ ಪೆಟ್ಟಿಗೆಗೆ ಕೊಟ್ಟರೆ ಅದರೊಳಗೆ ಮೇಲೆ ಅಂಟಿಕೊಂಡಿರಬೇಕಾದ ಸ್ಟಿಕಿ ತಲೆಪಟ್ಟಿಯೂ ಅಂಟುವುದನ್ನು ಬಿಡುತ್ತದೆ. ರೋಗ ವಾಸಿಯಾಗಿರುವುದಿಲ್ಲ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟಿರುತ್ತೀರಿ ಅಷ್ಟೇ.

ಎರಡನೇ ದೊಡ್ಡ ತೊಂದರೆ ಇದರ ತದ್ವಿರುದ್ಧ. ಮೊಬೈಲಿನಲ್ಲಿ ಪುಟ ಜಾರುವುದಿಲ್ಲ, ಚಿತ್ರವೂ ಸ್ಕ್ರೋಲ್ ಆಗುವುದಿಲ್ಲ, ಪೂರ್ತಿ ಕುಗ್ಗಿ ದಾರದಂತಾಗಿರುತ್ತದೆ. ಮೊಬೈಲ್ ಸ್ಕಿನ್ (ಸೈಟಿನ ಹೊರರೂಪ) ಎಲ್ಲ ಚಿತ್ರಗಳಿಗೂ ಮ್ಯಾಕ್ಸ್-ವಿಡ್ತ್ 100% ಹಾಕುವುದೇ ಕಾರಣ. ಮಾಮೂಲಿ ಚಿತ್ರಗಳಿಗೆ ಅದು ಬೇಕೇಬೇಕು, ನಮ್ಮ ಪನೋರಮಾಕ್ಕೆ ಮಾತ್ರ ಬೇಡ. ಮೀಡಿಯಾವಿಕಿಯಲ್ಲಿ ಇದಕ್ಕೆಂದೇ ನೋರೀಸೈಜ್ (noresize) ಅನ್ನುವ ಕ್ಲಾಸ್, ಅಂದರೆ ಅಂಶಕ್ಕೆ ನಿಯಮ ಹಚ್ಚುವ ಹೆಸರು, ಇದೆ. ಚಿತ್ರವನ್ನು ಸುತ್ತಿರುವ ಸ್ಕ್ರೋಲ್ ಪೆಟ್ಟಿಗೆಗೆ ಅದನ್ನು ಕೊಟ್ಟರೆ ಒಳಗಿನ ಚಿತ್ರ ಕುಗ್ಗುವುದಿಲ್ಲ. ಹಳೆಯ ಟೆಂಪ್ಲೇಟುಗಳಲ್ಲಿ ಬಹಳ ಸಲ ಬಿಟ್ಟುಹೋಗಿರುವುದು ಈ ಒಂದು ಪದ. ಚಿತ್ರ ಕುಗ್ಗುವುದರ ಜೊತೆಗೆ ಸೊಟ್ಟಗೂ ಆಗಿದ್ದರೆ, ಅಂದರೆ ಎತ್ತರ 300 ಹಾಗೇ ಇದ್ದು ಅಗಲ ಮಾತ್ರ 360ಕ್ಕೆ ಇಳಿದು ಬೆಟ್ಟಗಳೆಲ್ಲ ಕಡ್ಡಿಗಳಂತೆ ನಿಂತಿದ್ದರೆ, ಎಲ್ಲೋ ಹೈಟ್ ಆಟೋ ಬಿಟ್ಟುಹೋಗಿದೆ ಅಂತ ಅರ್ಥ.

ಟೆಂಪ್ಲೇಟಿನ ಶೈಲಿಗಳನ್ನು ಸಾಲಿನೊಳಗೇ ಸ್ಟೈಲ್ ಅಂತ ಬರೆಯುವುದು ಹಳೆಯ ಪದ್ಧತಿ. ಅಲ್ಲಿ ಮೀಡಿಯಾ ಕ್ವೆರಿ ಬರೆಯಲು ಬರುವುದಿಲ್ಲ, ಪರದೆಯ ಅಗಲಕ್ಕೆ ತಕ್ಕ ಹಾಗೆ ನಿಯಮ ಬದಲಿಸಲು ಆಗುವುದಿಲ್ಲ. ನಿಮ್ಮ ವಿಕಿಯಲ್ಲಿ ಟೆಂಪ್ಲೇಟ್‌ಸ್ಟೈಲ್ಸ್ ವಿಸ್ತರಣೆ ಇದ್ದರೆ ಟೆಂಪ್ಲೇಟಿನ ಉಪಪುಟದಲ್ಲಿ ಸಿಎಸ್‌ಎಸ್ (ಪುಟದ ಅಂದ, ಅಳತೆ ಹೇಳುವ ನಿಯಮಗಳು) ಬರೆದಿಡಿ. ಅದರ ನಿಯಮಗಳು ಲೇಖನದ ಒಳಭಾಗಕ್ಕೆ ಮಾತ್ರ ಸೀಮಿತ, ಸೈಟಿನ ಮೆನುವನ್ನು ಕೆಡಿಸುವ ಭಯವಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಮೀಡಿಯಾವಿಕಿ ಚಿತ್ರಗಳಿಗೆ ಬಳಸುವ ಎಚ್‌ಟಿಎಂಎಲ್ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮೊದಲು ಥಂಬ್‌ಇನ್ನರ್ ಕ್ಲಾಸಿನ ಡಿವ್‌ ಇದ್ದ ಕಡೆ ಈಗ ಫಿಗರ್ ಅಂಶ ಬಂದಿದೆ. ಹಳೆಯ ಕ್ಲಾಸ್ ಹೆಸರನ್ನು ನಂಬಿಕೊಂಡು ಬರೆದ ಸಿಎಸ್‌ಎಸ್ ಯಾವ ಎಚ್ಚರಿಕೆಯನ್ನೂ ಕೊಡದೆ ಸತ್ತುಹೋಗಿರುತ್ತದೆ. "ನಿನ್ನೆವರೆಗೂ ಸರಿ ಇತ್ತು, ಯಾರೂ ಮುಟ್ಟಿಲ್ಲ" ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ದೊಡ್ಡ ಪರದೆಯಲ್ಲಿ ಬರುವ ಗೋಳು ಬೇರೆ ಥರದ್ದು. ಬಲಗಡೆ ಉದ್ದನೆಯ ಇನ್ಫೋಬಾಕ್ಸ್ (ಮುಖ್ಯ ವಿವರಗಳ ಪಟ್ಟಿ) ಇರುವ ಲೇಖನದಲ್ಲಿ ಎರಡನೇ ಪ್ಯಾರಾದ ಹತ್ತಿರವೇ ಪನೋರಮಾ ಹಾಕಿದರೆ, ಸ್ಕ್ರೋಲ್ ಪೆಟ್ಟಿಗೆ ಇನ್ಫೋಬಾಕ್ಸಿನ ಅಡಿಗೆ ನುಗ್ಗುವುದಿಲ್ಲ, ಉಳಿದ ಜಾಗಕ್ಕೆ ಕುಗ್ಗಿ ಕೂರುತ್ತದೆ. ಅದಕ್ಕೆ ವಿಡ್ತ್ 100% ಕೊಟ್ಟಿದ್ದರೆ ಕುಗ್ಗಲು ಆಗದೆ ಇನ್ಫೋಬಾಕ್ಸ್ ಮುಗಿಯುವವರೆಗೂ ಕೆಳಗಿಳಿಯುತ್ತದೆ, ಮೇಲೆ ಅರ್ಧ ಪರದೆಯಷ್ಟು ಬಿಳಿ ಜಾಗ ಬಾಯಿ ತೆರೆದಿರುತ್ತದೆ. ಪಕ್ಕದ ಪೆಟ್ಟಿಗೆ ಮುಗಿದ ಮೇಲೆಯೇ ಶುರುವಾಗು ಅನ್ನುವ ಕ್ಲಿಯರ್ ಕೊಟ್ಟರೂ ಅದೇ ಕಥೆ. ಇದನ್ನು ಸಿಎಸ್‌ಎಸ್‌ನಿಂದ ಗೆಲ್ಲಲು ಹೋಗಬೇಡಿ, ಚಿತ್ರವನ್ನು ಕೆಳಗಿನ ವಿಭಾಗಕ್ಕೆ ಸಾಗಿಸಿ. ವೆಕ್ಟರ್ 2022 ಸ್ಕಿನ್ ಬಂದ ಮೇಲೆ ಲೇಖನದ ಅಗಲ ಸುಮಾರು 960 ಪಿಕ್ಸೆಲ್ಲಿಗೆ ನಿಂತಿದೆ ಅನ್ನುವುದೂ ನೆನಪಿರಲಿ. 1,920ರ ಪರದೆಯಲ್ಲಿ ಪೂರ್ತಿ ಹಿಡಿಸುತ್ತಿದ್ದ ಚಿತ್ರಗಳು ಅಲ್ಲೂ ಈಗ ಸ್ಕ್ರೋಲ್ ಕೇಳುತ್ತವೆ.

ಅಡ್ಡ ಪಟ್ಟಿಯ ಜೊತೆ ಬಲಗಡೆ ಒಂದು ನಿಂತ ಪಟ್ಟಿಯೂ ಕಾಣಿಸಿಕೊಂಡು, ಚಿತ್ರ ಮೇಲೆ ಕೆಳಗೆ ನಾಲ್ಕೈದು ಪಿಕ್ಸೆಲ್ ಕುಣಿಯುವುದನ್ನು ನೋಡಿರುತ್ತೀರಿ. ಪೆಟ್ಟಿಗೆಗೆ ಚಿತ್ರದಷ್ಟೇ ಎತ್ತರವನ್ನು ಗಟ್ಟಿಯಾಗಿ ಕೊಟ್ಟಿರುವುದು ಅದಕ್ಕೆ ಕಾರಣ. ಚಿತ್ರ ಮೂಲತಃ ಅಕ್ಷರದ ಹಾಗೆ ಸಾಲಿನ ಮೇಲೆ ಕೂರುವ ವಸ್ತು, ಹಾಗಾಗಿ ಅಕ್ಷರಗಳ ಬಾಲಕ್ಕೆಂದು ಅದರ ಕೆಳಗೆ ಸ್ವಲ್ಪ ಜಾಗ ಉಳಿಯುತ್ತದೆ. ಅದರ ಮೇಲೆ ವಿಂಡೋಸ್‌ನಲ್ಲಿ ಅಡ್ಡ ಪಟ್ಟಿಯೇ 15ರಿಂದ 17 ಪಿಕ್ಸೆಲ್ ತಿನ್ನುತ್ತದೆ. ಪೆಟ್ಟಿಗೆಗೆ ಎತ್ತರ ಕೊಡುವುದನ್ನು ಬಿಡಿ. ಚಿತ್ರವನ್ನು ಡಿಸ್‌ಪ್ಲೇ ಬ್ಲಾಕ್ ಮಾಡಿ, ಇಲ್ಲವೇ ವರ್ಟಿಕಲ್-ಅಲೈನ್ ಮಿಡ್ಲ್ ಕೊಡಿ. ಕುಣಿತ ನಿಲ್ಲುತ್ತದೆ.

ಸ್ಕ್ರೋಲ್ ಇದೆ ಅಂತ ಓದುಗನಿಗೆ ಗೊತ್ತಾಗುವುದು ಹೇಗೆ? ಫೋನುಗಳಲ್ಲಿ, ಮ್ಯಾಕ್‌ಗಳಲ್ಲಿ ಮುಟ್ಟುವವರೆಗೂ ಪಟ್ಟಿ ಅಡಗಿರುತ್ತದೆ. 360 ಪಿಕ್ಸೆಲ್ ಫೋನಿನಲ್ಲಿ ನಮ್ಮ 2,400ರ ಚಿತ್ರದ 15% ಮಾತ್ರ ಕಾಣುತ್ತದೆ, ಅದೂ ಎಡತುದಿಯ ಬರೀ ಆಕಾಶವಾಗಿದ್ದರೆ ಅದನ್ನೇ ಇಡೀ ಚಿತ್ರ ಅಂದುಕೊಂಡು ಓದುಗ ಮುಂದೆ ಹೋಗುತ್ತಾನೆ. ಅಂಚಿನಲ್ಲಿ ನೆರಳು ತೋರಿಸುವ ಹಿನ್ನೆಲೆಯ ಉಪಾಯ ಕೋಷ್ಟಕಗಳಿಗೆ ಚೆನ್ನಾಗಿ ಹೊಂದುತ್ತದೆ, ಚಿತ್ರಕ್ಕೆ ಹೊಂದುವುದಿಲ್ಲ. ನೆರಳು ಬೀಳುವುದು ಹಿನ್ನೆಲೆಯಲ್ಲಿ, ಚಿತ್ರ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ವಿವರಣೆಯ ಮೊದಲಲ್ಲೇ "ಪಕ್ಕಕ್ಕೆ ಸರಿಸಿ ನೋಡಿ" ಅಂತ ಬರೆಯುವುದೇ ಲೇಸು. ಆ ಮೂರು ಪದಕ್ಕೆ ನೋಪ್ರಿಂಟ್ ಕ್ಲಾಸ್ ಕೊಡಿ, ಕಾಗದದ ಮೇಲೆ ಯಾರೂ ಸರಿಸಲಾರರು.

ಮುದ್ರಣದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಸ್ಕ್ರೋಲ್ ಪೆಟ್ಟಿಗೆಯನ್ನು ಹಾಗೇ ಪ್ರಿಂಟ್ ಮಾಡಿದರೆ ಕಾಣುವಷ್ಟು ಭಾಗ ಮಾತ್ರ ಕಾಗದಕ್ಕೆ ಬರುತ್ತದೆ, ಉಳಿದದ್ದು ಕತ್ತರಿ. ಪ್ರಿಂಟ್ ಮೀಡಿಯಾ ಕ್ವೆರಿಯೊಳಗೆ ಓವರ್‌ಫ್ಲೋ ವಿಸಿಬಲ್, ಚಿತ್ರಕ್ಕೆ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ ಬರೆಯಿರಿ. ಅಲ್ಲಿ ಕುಗ್ಗಿದರೂ ಪರವಾಗಿಲ್ಲ.

ಕೀಬೋರ್ಡ್ ಬಳಸುವವರನ್ನು ಮರೆಯುವುದು ನಮ್ಮ ದೊಡ್ಡ ಅಪರಾಧ. ಮೌಸ್ ಹಿಡಿಯಲಾಗದವರು ಟ್ಯಾಬ್ ಒತ್ತಿ ಪೆಟ್ಟಿಗೆಗೆ ಬಂದು ಬಾಣದ ಕೀಲಿಯಿಂದ ಸರಿಸುವಂತಿರಬೇಕು. ಎಲ್ಲ ಬ್ರೌಸರುಗಳೂ ಇದನ್ನು ತಾವಾಗಿ ಮಾಡಿಕೊಡುವುದಿಲ್ಲ. ಟ್ಯಾಬ್‌ಇಂಡೆಕ್ಸ್ 0, ರೋಲ್ ರೀಜನ್, ಜೊತೆಗೆ ಆರಿಯಾ-ಲೇಬಲ್ (aria-label) ಕೊಡಿ. ವಿಕಿಯ ಶುದ್ಧೀಕರಣದಲ್ಲಿ (ಒಪ್ಪಿಗೆಯಿಲ್ಲದ ಕೋಡನ್ನು ತೆಗೆಯುವ ಹಂತದಲ್ಲಿ) ಕೆಲವು ಗುಣಲಕ್ಷಣಗಳು ಉದುರಿಹೋಗುವುದುಂಟು, ಆದ್ದರಿಂದ ಉಳಿಸಿದ ಮೇಲೆ ಪುಟದ ಮೂಲ ತೆರೆದು ಅವು ಇವೆಯೇ ಅಂತ ಖಚಿತಪಡಿಸಿಕೊಳ್ಳಿ. ಆಲ್ಟ್ ಪಠ್ಯದಲ್ಲಿ (ಚಿತ್ರ ಕಾಣದವರಿಗೆ ಓದಿ ಹೇಳುವ ವಿವರಣೆಯಲ್ಲಿ) "ಪನೋರಮಾ ಚಿತ್ರ" ಅಂತಷ್ಟೇ ಬರೆದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. ಎಡದಿಂದ ಬಲಕ್ಕೆ ಏನೇನಿದೆ ಅಂತ ಎರಡು ವಾಕ್ಯ ಬರೆಯಿರಿ.

ಚಿತ್ರದ ಮುಖ್ಯ ಭಾಗ ಬಲತುದಿಯಲ್ಲಿದ್ದು, ಅಲ್ಲಿಂದಲೇ ಶುರುವಾಗಬೇಕಿದ್ದರೆ ಸ್ಕ್ರೋಲ್ ಪೆಟ್ಟಿಗೆಯ ದಿಕ್ಕನ್ನು ಬಲದಿಂದ ಎಡಕ್ಕೆ ಮಾಡಿದರಾಯಿತು. ನಡುವಿನಿಂದ ಶುರು ಮಾಡಿಸಲು ಜಾವಾಸ್ಕ್ರಿಪ್ಟ್ ಬೇಕು ಅನ್ನುವವರಿಗೆ ನನ್ನ ಸಲಹೆ: ಬೇಡ, ಚಿತ್ರವನ್ನು ಕತ್ತರಿಸಿ ಬೇರೆ ಕಡತವಾಗಿ ಏರಿಸಿ. ಶಿಖರಗಳ ಹೆಸರನ್ನು ಚಿತ್ರದ ಮೇಲೆ ಅಂಟಿಸುವವರು ಒಂದು ಮಾತು ಗಮನಿಸಬೇಕು. ಪೊಸಿಷನ್ ರಿಲೇಟಿವ್ (ಹೆಸರಿನ ಜಾಗ ಅಳೆಯಲು ನೆಲೆಯಾಗುವ ನಿಯಮ) ಇರಬೇಕಾದ್ದು ಚಿತ್ರದಷ್ಟೇ ಅಗಲವಿರುವ ಇನ್ನೊಂದು ಒಳಡಿವ್‌ಗೆ. ಹೊರ ಪೆಟ್ಟಿಗೆಗೆ ಕೊಟ್ಟರೆ ಬೆಟ್ಟ ಸರಿಯುತ್ತದೆ, ಹೆಸರು ಇದ್ದಲ್ಲೇ ನಿಂತು ಪಕ್ಕದ ಬೆಟ್ಟಕ್ಕೆ ಅಂಟಿಕೊಳ್ಳುತ್ತದೆ. ಬರೀ ಅಂದದ ದೋಷ ಅಂತ ಇದನ್ನು ಬಿಡುವಂತಿಲ್ಲ, ಲೇಖನವೇ ಸುಳ್ಳು ಹೇಳಿದ ಹಾಗಾಗುತ್ತದೆ.

ಸಣ್ಣ ವಿಕಿಗಳಲ್ಲಿ ಇನ್ನೊಂದು ಕಾಯಿಲೆ ಇದೆ. ದೊಡ್ಡ ವಿಕಿಯ ಟೆಂಪ್ಲೇಟಿನ ಪಠ್ಯವನ್ನು ನಕಲು ಮಾಡಿ ಅಂಟಿಸುತ್ತಾರೆ, ಅದು ನೆಚ್ಚಿಕೊಂಡಿರುವ ಮಾಡ್ಯೂಲ್ (ಟೆಂಪ್ಲೇಟಿನ ಹಿಂದೆ ಓಡುವ ಕೋಡ್), ಸಿಎಸ್‌ಎಸ್ ಉಪಪುಟ ಯಾವುದೂ ಬಂದಿರುವುದಿಲ್ಲ. ರಫ್ತು ಪುಟದಲ್ಲಿ "ಟೆಂಪ್ಲೇಟುಗಳನ್ನೂ ಸೇರಿಸು" ಅನ್ನುವ ಆಯ್ಕೆ ಗುರುತು ಮಾಡಿ, ನಿರ್ವಾಹಕರ ಕೈಯಲ್ಲಿ ಆಮದು ಮಾಡಿಸಿ. ಈಗಿನ ಆವೃತ್ತಿ ಮಾತ್ರ ಸಾಕು ಅನ್ನುವ ಆಯ್ಕೆಯ ಗುರುತು ತೆಗೆದಿದ್ದರೆ ಸಂಪಾದನೆಯ ಇತಿಹಾಸವೂ ಜೊತೆಗೆ ಬರುತ್ತದೆ, ಬರೆದವರಿಗೆ ಸಲ್ಲಬೇಕಾದ ಮನ್ನಣೆಯೂ ಉಳಿಯುತ್ತದೆ.

ಪರೀಕ್ಷೆ ಮಾಡುವಾಗ ಕಂಪ್ಯೂಟರಿನ ಕಿಟಕಿಯನ್ನು ಕಿರಿದು ಮಾಡಿ ನೋಡಿದರೆ ಸಾಲದು. ಕಿಟಕಿ ಕಿರಿದಾದರೂ ಸ್ಕಿನ್ ಡೆಸ್ಕ್‌ಟಾಪಿನದೇ ಇರುತ್ತದೆ. ಪುಟದ ಅಡಿಯಲ್ಲಿರುವ "ಮೊಬೈಲ್ ವೀಕ್ಷಣೆ" ಒತ್ತಿ, ಆಮೇಲೆ ಅಗಲವನ್ನು 320 ಪಿಕ್ಸೆಲ್ಲಿಗೆ ಇಳಿಸಿ. 1,280ರ ಪರದೆಯಲ್ಲಿ 400% ಹಿಗ್ಗಿಸಿ ಓದುವವರಿಗೆ ಸಿಗುವುದೂ ಇಷ್ಟೇ ಅಗಲ. ಪುಟ ಇನ್ನೂ ಜಾರುತ್ತಿದ್ದರೆ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಅನುಮಾನ ಬಂದ ಅಂಶಗಳನ್ನು ಒಂದೊಂದಾಗಿ ಅಳಿಸುತ್ತಾ ಹೋಗಿ. ಯಾವುದನ್ನು ಅಳಿಸಿದಾಗ ಜಾರುವುದು ನಿಂತಿತೋ ಅದೇ ಕಳ್ಳ. ಎಷ್ಟೋ ಸಲ ಬೈಗುಳ ತಿಂದದ್ದು ಪನೋರಮಾ, ತಪ್ಪು ಮಾಡಿದ್ದು ಕೆಳಗಿನ ಕೋಷ್ಟಕದಲ್ಲಿ ಮುರಿಯದೆ ಕೂತ ಉದ್ದನೆಯ ಯುಆರ್‌ಎಲ್ ಅಂತ ಆಗ ಗೊತ್ತಾಗುತ್ತದೆ.

ತಿದ್ದುಪಡಿಯನ್ನು ಮೊದಲು ಪ್ರಯೋಗಪುಟದಲ್ಲಿ ಮಾಡಿ, ಬೇರೆ ಬೇರೆ ಅಳತೆಯ ನಾಲ್ಕೈದು ಚಿತ್ರ ಹಾಕಿ ನೋಡಿ, ಆಮೇಲೆ ಟೆಂಪ್ಲೇಟಿಗೆ ತನ್ನಿ. ಟೆಂಪ್ಲೇಟು ಬಳಸಿರುವ ಪುಟಗಳು "ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ" ಅನ್ನುವಲ್ಲಿ ಸಿಗುತ್ತವೆ. ಅವುಗಳಲ್ಲಿ ಬದಲಾವಣೆ ಕೂಡಲೇ ಕಾಣದಿದ್ದರೆ ಗಾಬರಿಯಾಗಿ ಹಿಂದಕ್ಕೆ ತಿರುಗಿಸಬೇಡಿ. ಸರ್ವರ್ ಸರದಿಯಲ್ಲಿ ಪುಟಗಳನ್ನು ಹೊಸದಾಗಿ ಕಟ್ಟುತ್ತಿರುತ್ತದೆ. ಅವಸರವಿದ್ದರೆ ಆ ಪುಟವನ್ನು ಪರ್ಜ್ ಮಾಡಿ (ಸರ್ವರಿನ ಹಳೆಯ ಪ್ರತಿ ಬಿಟ್ಟು ಹೊಸದಾಗಿ ಕಟ್ಟಿಸಿ), ಬ್ರೌಸರಿನ ಕ್ಯಾಶ್ ತೆರವು ಮಾಡಿ ಮತ್ತೆ ನೋಡಿ.