ಫ್ಲೈಟ್ 19ರ ಹುಡುಗರನ್ನು ದೆವ್ವದ ಕಥೆಯಿಂದ ಬಿಡಿಸಿ

ಬರ್ಮುಡಾ ತ್ರಿಕೋನದ ವಿಡಿಯೊ ಮತ್ತೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಐದು ವಿಮಾನ ಗಾಳಿಯಲ್ಲೇ ಮಾಯವಾದವಂತೆ. ನೋಡಿ ಸಂಕಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

1945ರ ಡಿಸೆಂಬರ್ 5. ಜಪಾನ್ ಶರಣಾಗಿ ಮೂರೇ ತಿಂಗಳು. ಯುದ್ಧಕ್ಕೆಂದು ಶುರುವಾದ ತರಬೇತಿ ಇನ್ನೂ ನಿಂತಿರಲಿಲ್ಲ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನೌಕಾನೆಲೆಯಿಂದ ಮಧ್ಯಾಹ್ನ ಎರಡರ ನಂತರ ಐದು ಅವೆಂಜರ್ ಬಾಂಬರ್ ವಿಮಾನಗಳು ಹೊರಟವು. ಈ ತಂಡದ ಹೆಸರೇ ಫ್ಲೈಟ್ 19. ಒಟ್ಟು 14 ಜನ. ಪೂರ್ವಕ್ಕೆ ಹೋಗಿ ಬಾಂಬ್ ಹಾಕುವ ಅಭ್ಯಾಸ ಮುಗಿಸಿ, ಬಹಾಮಾ ದ್ವೀಪಗಳ ಮೇಲೆ ಉತ್ತರಕ್ಕೆ ತಿರುಗಿ ವಾಪಸ್ ಬರಬೇಕು. ಗಡಿಯಾರ, ದಿಕ್ಸೂಚಿ, ವೇಗದ ಲೆಕ್ಕ ಹಿಡಿದು ದಾರಿ ಕಂಡುಕೊಳ್ಳುವ ಪಾಠ.

ಮುಂದಾಳು ಲೆಫ್ಟಿನೆಂಟ್ ಚಾರ್ಲ್ಸ್ ಟೇಲರ್, ಯುದ್ಧದಲ್ಲಿ ಹಾರಿ ಪಳಗಿದವರು. ಎರಡೂ ದಿಕ್ಸೂಚಿ ಕೆಟ್ಟಿವೆ ಎಂದು ರೇಡಿಯೊದಲ್ಲಿ ಹೇಳಿದರು. ಕೆಳಗೆ ಕಂಡ ಬಹಾಮಾ ದ್ವೀಪಗಳನ್ನು ಫ್ಲಾರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳೆಂದು ತಿಳಿದರು. ಹಾಗೆ ತಿಳಿದವರಿಗೆ ನೆಲೆ ಇರುವುದು ಈಶಾನ್ಯಕ್ಕೆ. ನಿಜದಲ್ಲಿ ಅದು ಇದ್ದದ್ದು ಪಶ್ಚಿಮಕ್ಕೆ. ಪಶ್ಚಿಮಕ್ಕೆ ಹೋದರೆ ಮನೆ ಸೇರುತ್ತೇವೆ ಎಂದು ಶಿಷ್ಯನೊಬ್ಬ ಗೊಣಗಿದ್ದೂ ರೇಡಿಯೊದಲ್ಲಿ ಕೇಳಿಸಿತ್ತು. ಆದರೆ ಸೇನೆಯಲ್ಲಿ ಮುಂದಾಳನ್ನು ಬಿಟ್ಟು ಹೋಗುವ ಪದ್ಧತಿ ಇಲ್ಲ. ಆರು ಗಂಟೆಯ ಹೊತ್ತಿಗೆ ದಡದ ಕೇಂದ್ರಗಳು ಅವರಿದ್ದ ಜಾಗವನ್ನು ಸುಮಾರಾಗಿ ಪತ್ತೆ ಹಚ್ಚಿದ್ದವು. ಆ ಮಾಹಿತಿ ಅವರಿಗೆ ತಲುಪಲೇ ಇಲ್ಲ! ಕತ್ತಲಾಯಿತು, ಹವೆ ಕೆಟ್ಟಿತು. ಯಾವುದೇ ಒಂದು ವಿಮಾನದ ಇಂಧನ ಹತ್ತು ಗ್ಯಾಲನ್‌ಗಿಂತ ಕೆಳಗಿಳಿದರೂ ಎಲ್ಲರೂ ಒಟ್ಟಿಗೇ ನೀರಿಗಿಳಿಯೋಣ ಎಂದು ಟೇಲರ್ ಹೇಳಿದ್ದು ದಾಖಲೆಯಲ್ಲಿದೆ. ಇಡೀ ಪ್ರಸಂಗದಲ್ಲಿ ನನ್ನನ್ನು ಬಿಡದೆ ಕಾಡುವುದು ಈ ಮಾತು.

ಹುಡುಕಲು ಹೊರಟ ಮ್ಯಾರಿನರ್ ವಿಮಾನದ 13 ಜನರೂ ತಿರುಗಿ ಬರಲಿಲ್ಲ. ಅದು ಹೊರಟ ಅರ್ಧ ಗಂಟೆಯೊಳಗೆ ಹಡಗೊಂದರಲ್ಲಿದ್ದವರು ದೂರದಲ್ಲಿ ಬೆಂಕಿ ಕಂಡಿದ್ದರು.

ತನಿಖೆ ಮೊದಲು ಟೇಲರ್ ತಪ್ಪು ಎಂದಿತು. ಅವರ ತಾಯಿ ಒಪ್ಪಲಿಲ್ಲ. ದೇಹವಿಲ್ಲ, ವಿಮಾನವಿಲ್ಲ, ತೀರ್ಪು ಮಾತ್ರ ಹೇಗೆ? 1947ರಲ್ಲಿ ನೌಕಾಪಡೆ ಅದನ್ನು ‘ಕಾರಣ ಗೊತ್ತಿಲ್ಲ’ ಎಂದು ತಿದ್ದಿತು. ಒಬ್ಬ ತಾಯಿಗೆ ಸಿಕ್ಕ ಅಷ್ಟು ಸಮಾಧಾನವನ್ನೇ ರಹಸ್ಯ ಮಾರುವವರು ಬಂಡವಾಳ ಮಾಡಿಕೊಂಡರು. ನನಗೆ ಸಹಿಸಲಾಗದ್ದು ಇದೇ.

ಹೀಗೆ ಶತ್ರುವಿನ ಗುಂಡಿಲ್ಲದೆ ಹೋದವರು ಇವರಷ್ಟೇ ಅಲ್ಲ. ಅಮೆರಿಕದ ಸೇನಾ ವಾಯುಪಡೆಯೊಂದರಲ್ಲೇ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ತಮ್ಮ ದೇಶದೊಳಗಿನ ವಿಮಾನ ಅಪಘಾತಗಳಲ್ಲಿ ಸತ್ತವರು ಸುಮಾರು 15 ಸಾವಿರ. ಬ್ರಿಟನ್ನಿನ ಬಾಂಬರ್ ವಿಮಾನಗಳ ದಳವಾದ ಬಾಂಬರ್ ಕಮಾಂಡ್‌ನಲ್ಲಿ 5 ಸಾವಿರಕ್ಕೂ ಹೆಚ್ಚು ಜನ ತರಬೇತಿಯಲ್ಲೇ ಹೋದರು. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿ ಸಮಾಧಿಯೇ ಇಲ್ಲದ 20 ಸಾವಿರಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳಿವೆ. ಶತ್ರುವಿನ ಗುಂಡಿಗೆ ಬಿದ್ದವರು, ತರಬೇತಿಯಲ್ಲಿ ಸಮುದ್ರ ಪಾಲಾದವರು ಎಂದು ಅಲ್ಲಿ ವಿಂಗಡಿಸಿಲ್ಲ. ನನ್ನ ಪ್ರಕಾರ ಅದೇ ಸರಿ.

ವಿಡಿಯೊ ಮಾಡುವ ಗೆಳೆಯರೇ, ನೌಕಾಪಡೆಯ ತನಿಖಾ ವರದಿ ಗುಟ್ಟಿನದಲ್ಲ, ಯಾರು ಬೇಕಾದರೂ ಓದಬಹುದು. ಮುಂದಿನ ವಿಡಿಯೊದಲ್ಲಿ ಆ 14 ಜನರ ಹೆಸರು ಹೇಳಿ, ಮ್ಯಾರಿನರ್‌ನ 13 ಹೆಸರನ್ನೂ ಸೇರಿಸಿ.