ಬೇಸ್ ನುಡಿಸುವವರು ಬಿಟ್ಟುಹೋಗುವ ಆ ಒಂದು ಸ್ವರ

"ಕೊನೆಗೂ ಗಿಟಾರ್ ಹಿಡಿದ್ರಾ? ಒಳ್ಳೇದಾಯ್ತು ಬಿಡಿ!"

ಗಿಟಾರ್ ಕಲಿಯಲು ಕೂತಿದ್ದೇನೆ ಅಂತ ಹೇಳಿದಾಗೆಲ್ಲ ಈ ಮಾತು ಕೇಳಿದ್ದೇನೆ. ಹೇಳಿದವರೆಲ್ಲ ನನ್ನ ಒಳ್ಳೆಯದನ್ನು ಬಯಸುವವರೇ, ಖುಷಿಯಿಂದಲೇ ಹೇಳಿದ್ದು. ಆದರೂ ಆ 'ಕೊನೆಗೂ' ಅನ್ನುವ ಪದ ಚುಚ್ಚುತ್ತದೆ. ಹನ್ನೊಂದು ವರ್ಷದಿಂದ ಬೇಸ್, ಅಂದರೆ ಹಾಡಿನ ತಳದ ಸ್ವರಗಳನ್ನು ಹಾಕುವ ನಾಲ್ಕು ತಂತಿಯ ವಾದ್ಯ, ನುಡಿಸುತ್ತಿದ್ದೇನೆ. ನಾಲ್ಕು ತಂತಿ ಪಾಸಾದವರಿಗೆ ಆರು ತಂತಿಗೆ ಬಡ್ತಿ ಅನ್ನುವ ಲೆಕ್ಕ ಇಲ್ಲಿ ಇಲ್ಲವೇ ಇಲ್ಲ. ಬೇಸ್ ನನ್ನ ವಾದ್ಯ, ಮುಂದೆಯೂ ಅದೇ. ಗಿಟಾರ್ ಹಿಡಿದದ್ದು ಬೇಸ್ ಇನ್ನಷ್ಟು ಚೆನ್ನಾಗಿ ನುಡಿಸಬೇಕು ಅಂತ.

ಹಿಂದಿನವರನ್ನು ನೋಡಿದರೆ ಓಡಾಟ ಹೆಚ್ಚು ನಡೆದಿರುವುದು ಗಿಟಾರ್ ಕಡೆಯಿಂದ ಬೇಸ್ ಕಡೆಗೆ. 1951ರಲ್ಲಿ ವಾದ್ಯ ತಯಾರಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದಾಗ ಅದರಲ್ಲಿ ಬೆರಳು ಎಲ್ಲಿ ಒತ್ತಬೇಕು ಅಂತ ತೋರಿಸುವ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್‌ಗಳಿದ್ದವು. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನಲ್ಲಿ ಆ ಅನುಕೂಲ ಇರಲಿಲ್ಲ. ಗಿಟಾರಿಸ್ಟುಗಳಿಗೆ ಬೇಸ್ ಕೈಗೆ ಹತ್ತುವುದು ಅಲ್ಲಿಂದ ಸಲೀಸಾಯಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಗಿಟಾರ್ ನುಡಿಸುತ್ತಿದ್ದವರು, 1961ರಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟಾಗ ಬೇಸ್ ಕೈಗೆತ್ತಿಕೊಂಡರು. ಅಮೆರಿಕದ ವಾದಕಿ ಕ್ಯಾರಲ್ ಕೇ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಲೇ ಇದ್ದವರು, 1963ರಲ್ಲಿ ಬೇಸ್‌ಗೆ ಬಂದರು. ಇಬ್ಬರ ಬೇಸ್ ಕೇಳುವಾಗಲೂ ನನಗೆ ಒಂದು ಹೊಟ್ಟೆಕಿಚ್ಚು ಇತ್ತು: ಇವರಿಗೆ ಮೇಲೆ, ಗಿಟಾರ್ ಕಡೆ, ಏನು ನಡೆಯುತ್ತಿದೆ ಅಂತ ಕೈಯಲ್ಲೇ ಗೊತ್ತು. ನನಗೆ ಅದು ಪುಸ್ತಕದಲ್ಲಿ ಓದಿ ಗೊತ್ತಿತ್ತು, ಅಷ್ಟೇ.

ಎಷ್ಟು ಕಡಿಮೆ ಗೊತ್ತಿತ್ತು ಅನ್ನುವುದು ಒಂದು ರಿಹರ್ಸಲ್‌ನಲ್ಲಿ ಅರ್ಥವಾಯಿತು. ನಿಧಾನಗತಿಯ ಹಾಡು, ಇ ಮೇಜರ್, ಅಂದರೆ ಇ ಸ್ವರವನ್ನು ನೆಲೆಯಾಗಿಟ್ಟುಕೊಂಡದ್ದು. (ಇಲ್ಲಿ ಸ್ವರಗಳಿಗೆ ಎ ಇಂದ ಜಿ ವರೆಗಿನ ಅಕ್ಷರಗಳೇ ಹೆಸರು, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ.) ಇ ಇಂದ ಎ ಗೆ ಹೋಗುವಾಗ ನಾನು ದಾರಿಯಲ್ಲಿ ಜಿ ಮುಟ್ಟಿಕೊಂಡು ಹೋಗುತ್ತಿದ್ದೆ. ದಪ್ಪ ತಂತಿಯ ಮೂರನೇ ಫ್ರೆಟ್, ಆಮೇಲೆ ಐದನೇ ಫ್ರೆಟ್. ವರ್ಷಗಟ್ಟಲೆ ರಾಕ್ ಮತ್ತು ಬ್ಲೂಸ್ ನುಡಿಸಿದ ಬೆರಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ, ಅಲ್ಲಿ ಅದು ಚೆಂದವೂ ಹೌದು. ಈ ಹಾಡಿನಲ್ಲಿ ಮಾತ್ರ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಆಗುತ್ತಿತ್ತು. ನಾಲ್ಕನೇ ಸಲ ನಮ್ಮ ಗಿಟಾರಿಸ್ಟ್ ಕೈ ನಿಲ್ಲಿಸಿ, "ಆ ಜಿ ಬೇಡ ಕಣೋ, ನಾನಿಲ್ಲಿ ಜಿ ಶಾರ್ಪ್ ಹಿಡಿದಿದ್ದೀನಿ" ಅಂದ.

ಇ ಮೇಜರ್‌ನಲ್ಲಿ ಜಿ ಶಾರ್ಪ್ ಇದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಹನ್ನೊಂದು ವರ್ಷದಲ್ಲಿ ಅದನ್ನು, ಹಲವು ಸ್ವರ ಒಟ್ಟಿಗೆ ನುಡಿಯುವ ಒಂದು ಕಾರ್ಡ್‌ನ ಒಳಗೆ ನಾನೇ ಇಟ್ಟಿರಲಿಲ್ಲ. ಯಾಕೆ ಅಂತ ಯೋಚಿಸಿದಾಗ ಉತ್ತರ ಸರಳವಾಗಿತ್ತು. ಬೇಸ್ ನುಡಿಸುವವರ ನಿತ್ಯದ ಬದುಕು ನಡೆಯುವುದು ಮೂಲಸ್ವರ, ಅದರ ಪಂಚಮ, ಮೇಲಿನ ಆಕ್ಟೇವ್ (ಅದೇ ಸ್ವರ, ಒಂದು ಸ್ಥಾಯಿ ಮೇಲೆ), ಈ ಮೂರರ ಮೇಲೆ. ಇ ಮೇಜರ್ ಇರಲಿ ಇ ಮೈನರ್ ಇರಲಿ, ಇ ಮತ್ತು ಬಿ ಎರಡರಲ್ಲೂ ಇವೆ. ಎಲ್ಲಿಯೂ ತಪ್ಪಾಗುವುದಿಲ್ಲ. ಮೇಜರ್ರೋ ಮೈನರ್ರೋ, ಬೆಳಕೋ ನೆರಳೋ ಅಂತ ತೀರ್ಮಾನ ಮಾಡುವುದು ಮೂಲಸ್ವರದಿಂದ ಎಣಿಸಿದರೆ ಬರುವ ಮೂರನೇ ಸ್ವರ, ಇ ಗಾದರೆ ಜಿ ಶಾರ್ಪ್ ಅಥವಾ ಜಿ. ಅದನ್ನು ಮುಟ್ಟದೆಯೇ ಒಬ್ಬ ಬೇಸ್ ವಾದಕ ಜೀವನಪೂರ್ತಿ ಕಛೇರಿ ಮಾಡಬಹುದು, ಯಾರೂ ಆಕ್ಷೇಪಿಸುವುದಿಲ್ಲ. ನನಗೆ ಅದು ಸಾಲದು ಅನ್ನಿಸಿತು.

"ಹಾಗಿದ್ದರೆ ಕೀಬೋರ್ಡ್ ಕಲಿಯಬಹುದಿತ್ತಲ್ಲ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸ್ವರಗಳನ್ನು ಸಾಲಾಗಿ ಕಣ್ಣೆದುರು ಇಡುವುದರಲ್ಲಿ ಕೀಬೋರ್ಡ್‌ಗೆ ಸಾಟಿ ಇಲ್ಲ. ಆದರೆ ತಂಡದಲ್ಲಿ ನನ್ನ ಪಕ್ಕ ನಿಲ್ಲುವುದು ಗಿಟಾರ್. ಅವನ ಕೈ ಏನು ಮಾಡುತ್ತಿದೆ ಅಂತ ನನಗೆ ಗೊತ್ತಾಗಬೇಕಿತ್ತು. ಜೊತೆಗೆ ಗಿಟಾರ್‌ನ ಕೆಳಗಿನ, ಅಂದರೆ ದಪ್ಪ ಸದ್ದಿನ, ನಾಲ್ಕು ತಂತಿಗಳು ನಮ್ಮವೇ: ಇ, ಎ, ಡಿ, ಜಿ. ಒಂದು ಆಕ್ಟೇವ್ ಮೇಲೆ, ಅಷ್ಟೇ. ಬೇಸ್‌ನ ಇ ಸುಮಾರು 41 ಹರ್ಟ್ಸ್, ಗಿಟಾರ್‌ನ ಇ 82. ಅರ್ಧ ಮನೆ ಆಗಲೇ ಗೊತ್ತಿದೆ ಅನ್ನುವ ಧೈರ್ಯದಲ್ಲಿ ಹೋದೆ.

ಮೊದಲ ವಾರ ಹಿಡಿದ ಪ್ರತಿ ಕಾರ್ಡೂ ಅಪಶ್ರುತಿ. ಟ್ಯೂನರ್ ಇಟ್ಟು ನೋಡಿದರೆ ಆರೂ ತಂತಿ ಸರಿಯಾಗಿವೆ. ಕಾರ್ಡ್ ಹಿಡಿದರೆ ಮತ್ತೆ ಹುಳಿ. ವಾದ್ಯವೇ ಕೆಟ್ಟಿದೆ ಅಂದುಕೊಂಡು ಗೆಳೆಯನ ಕೈಗೆ ಕೊಟ್ಟೆ, ಅವನ ಕೈಯಲ್ಲಿ ಜೇನಿನ ಹಾಗೆ ನುಡಿಯಿತು. ಕೊನೆಗೆ ಒಂದೊಂದೇ ಸ್ವರ ಒತ್ತಿ ಟ್ಯೂನರ್ ನೋಡುತ್ತಾ ಕೂತಾಗ ಗುಟ್ಟು ಸಿಕ್ಕಿತು. ನನ್ನ ಬೇಸ್‌ನ ದಪ್ಪ ತಂತಿ 0.105 ಇಂಚು, ಗಿಟಾರ್‌ನ ತೆಳು ತಂತಿ 0.010. ಹತ್ತರಲ್ಲಿ ಒಂದು ಪಾಲೂ ಇಲ್ಲ. ಬೇಸ್‌ಗೆ ಹಾಕುವ ಬಲವನ್ನೇ ನಾನು ಇದಕ್ಕೂ ಹಾಕುತ್ತಿದ್ದೆ. ಬೆರಳು ತಂತಿಯನ್ನು ಫ್ರೆಟ್‌ಗೆ ತಾಗಿಸಿ ಅಲ್ಲಿಗೇ ಬಿಡದೆ, ಮರದವರೆಗೂ ಅದುಮಿ, ಸ್ವಲ್ಪ ಪಕ್ಕಕ್ಕೂ ಎಳೆಯುತ್ತಿತ್ತು. ಅಷ್ಟಕ್ಕೇ ಶ್ರುತಿ ಮೇಲೇರುತ್ತದೆ.

ಇದಕ್ಕೆ ನನಗೆ ಕೆಲಸಕ್ಕೆ ಬಂದ ಒಂದೇ ಒಂದು ಅಭ್ಯಾಸ ಹೇಳುತ್ತೇನೆ, ಬೇಸ್‌ನಿಂದ ಬರುವ ಯಾರಿಗಾದರೂ ಉಪಯೋಗವಾದೀತು. ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟುತ್ತಾ ಹೋಗಿ. ಮೊದಲು ಟಕ್ ಟಕ್ ಅನ್ನುವ ಸತ್ತ ಸದ್ದು. ನಿಧಾನವಾಗಿ ಒತ್ತಡ ಏರಿಸಿ. ನಡುವೆ ಒಂದು ಗರಗರ ಬರುತ್ತದೆ, ಆಮೇಲೆ ಸ್ವರ ತಿಳಿಯಾಗುತ್ತದೆ. ತಿಳಿಯಾದ ಆ ಕ್ಷಣಕ್ಕೆ ನಿಲ್ಲಿಸಿ. ಅಷ್ಟೇ ಬಲ ಸಾಕು. ದಿನಾ ಐದು ನಿಮಿಷ, ಬರೀ ಇದನ್ನು ಮಾಡಿದೆ. ಹತ್ತು ದಿನದಲ್ಲಿ ಕೈ ಹಗುರವಾಯಿತು. ಬೆರಳ ನೋವೂ ಅರ್ಧ ಇಳಿಯಿತು.

ಎರಡನೇ ತೊಡಕು ಇನ್ನೂ ಆಳದ್ದು. ಬೇಸ್ ನುಡಿಸುವುದು ಅಂದರೆ ಅರ್ಧ ಕೆಲಸ ತಂತಿಗಳನ್ನು ಸುಮ್ಮನಿರಿಸುವುದೇ. ಒಂದು ತಂತಿ ನುಡಿಯುವಾಗ ಉಳಿದ ಮೂರು ಉಸಿರೆತ್ತಬಾರದು. ಅದಕ್ಕಾಗಿ ಎಡಗೈ ಬೆರಳುಗಳನ್ನು ಚಪ್ಪಟೆಯಾಗಿ ಮಲಗಿಸುತ್ತೇವೆ, ಬಲಗೈ ಹೆಬ್ಬೆರಳನ್ನು ಮೇಲಿನ ತಂತಿಗೆ ಆನಿಸುತ್ತೇವೆ. ಇದು ಗೊತ್ತಾಗದ ಹಾಗೆ ಮೈಗೆ ಅಂಟಿದ ವಿದ್ಯೆ. ಗಿಟಾರ್‌ನ ಓಪನ್ ಕಾರ್ಡ್ (ಕೆಲವು ತಂತಿಗಳನ್ನು ಒತ್ತದೆ ಹಾಗೇ ಬಿಡುವ ಕಾರ್ಡ್) ಬೇಡುವುದು ಇದರ ತದ್ವಿರುದ್ಧ: ಐದಾರು ತಂತಿ ಒಟ್ಟಿಗೆ ನುಡಿಯಬೇಕು, ಬೆರಳು ಕಮಾನಿನ ಹಾಗೆ ಎದ್ದು ನಿಲ್ಲಬೇಕು, ಪಕ್ಕದ ತಂತಿಗೆ ಸೋಕಬಾರದು. ಆ ಪಕ್ಕದ ತಂತಿಯೋ ಕೂದಲೆಳೆಯ ದೂರದಲ್ಲಿದೆ. ನಾನು ಸಿ ಕಾರ್ಡ್ ಹಿಡಿದರೆ ಮೂರು ತಂತಿ ನುಡಿದು ಎರಡು ಸಾಯುತ್ತಿದ್ದವು. ಕೈ ತನಗೆ ಗೊತ್ತಿದ್ದನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. "ಬೇಸ್‌ನವರ ಕೈ ತಿದ್ದೋದು ಕಷ್ಟ" ಅಂತ ಆರಂಭದಲ್ಲಿ ಪಾಠ ಹೇಳಿದವರೊಬ್ಬರು ನೊಂದುಕೊಂಡಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕೈ ಕೆಟ್ಟಿಲ್ಲ, ಬೇರೆ ಕೆಲಸಕ್ಕೆ ಪಳಗಿದೆ. ಏನು ಕಲಿತಿದೆ ಅಂತ ಮೊದಲು ಹೆಸರಿಟ್ಟು ಹೇಳಿದರೆ, ಎಲ್ಲಿ ಬಿಡಬೇಕು ಅನ್ನುವುದು ಬೇಗ ಹೊಳೆಯುತ್ತದೆ.

ಬಲಗೈ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ನಾವು ಪುಣ್ಯವಂತರು. ಲಯ ನಮ್ಮ ಉಸಿರು. ಕೈ ಲೋಲಕದ ಹಾಗೆ ಕೆಳಗೆ ಮೇಲೆ ಆಡುತ್ತಲೇ ಇರಬೇಕು, ತಂತಿಗೆ ತಾಗದ ಹೊಡೆತದಲ್ಲೂ ನಿಲ್ಲಬಾರದು ಅನ್ನುವ ಒಂದು ವಿಷಯ ಹಿಡಿದ ಮೇಲೆ ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಬಾರಿಸುವುದು, ವಾರದಲ್ಲಿ ಬಂತು.

ಈಗ ನಾನು ಈ ಬರಹ ಬರೆಯಲು ಕಾರಣವಾದ ಸಂಜೆಗೆ ಬರುತ್ತೇನೆ.

ಬೇಸ್‌ನಲ್ಲಿ ಒಂದು ತಂತಿಗೂ ಮುಂದಿನದಕ್ಕೂ ಅಂತರ ಎಲ್ಲ ಕಡೆ ಒಂದೇ. ಒಂದು ತಂತಿಯ ಮೇಲೆ ಕಲಿತ ಆಕಾರವನ್ನು ಹಾಗೇ ಎತ್ತಿ ಮುಂದಿನ ತಂತಿಗೆ ಇಟ್ಟರೆ ಅದೇ ಮಾತು ಬೇರೆ ಎತ್ತರದಲ್ಲಿ ಬರುತ್ತದೆ. ಇದು ನಮ್ಮ ಪಾಲಿನ ಸತ್ಯ. ಆ ಸಂಜೆ ಗಿಟಾರ್‌ನಲ್ಲಿ ಇ ಮೇಜರ್ ಹಿಡಿದಿದ್ದೆ: (ತೆಳು ತಂತಿಯಿಂದ ಎಣಿಸಿದರೆ) ಐದನೇ ಮತ್ತು ನಾಲ್ಕನೇ ತಂತಿಯಲ್ಲಿ ಎರಡನೇ ಫ್ರೆಟ್, ಮೂರನೇ ತಂತಿಯಲ್ಲಿ ಮೊದಲನೇ ಫ್ರೆಟ್. ಚೆನ್ನಾಗಿ ನುಡಿಯಿತು. ಬೇಸ್‌ನ ಅಭ್ಯಾಸದಲ್ಲಿ, ಪುಸ್ತಕ ನೋಡದೆ, ಮೂರೂ ಬೆರಳನ್ನು ಹಾಗೇ ಎತ್ತಿ ಒಂದು ತಂತಿ ಆಚೆಗೆ ಇಟ್ಟೆ. ಎ ಮೇಜರ್ ಬರಬೇಕಿತ್ತು. ಮೀಟಿದೆ. ಕೋಣೆಯ ದೀಪ ಯಾರೋ ತಗ್ಗಿಸಿದ ಹಾಗಾಯಿತು. ಬಂದದ್ದು ಎ ಮೈನರ್.

ಐದಾರು ಸಲ ಹಿಂದೆ ಮುಂದೆ ಮಾಡಿದೆ. ಅದೇ ಬೆರಳು, ಅದೇ ಆಕಾರ. ಅಲ್ಲಿ ಬಿಸಿಲು, ಇಲ್ಲಿ ಮುಸ್ಸಂಜೆ. ಆಮೇಲೆ ಲೆಕ್ಕ ಹಾಕಿದೆ. ಗಿಟಾರ್‌ನಲ್ಲಿ ಜಿ ತಂತಿಗೂ ಬಿ ತಂತಿಗೂ ನಡುವಿನ ಅಂತರ ಮಾತ್ರ ಉಳಿದವಕ್ಕಿಂತ ಅರ್ಧ ಸ್ವರ ಕಡಿಮೆ. ಎಲ್ಲವೂ ಸಮ ಇದ್ದಿದ್ದರೆ ತಂತಿಗಳು ಇ, ಎ, ಡಿ, ಜಿ, ಸಿ, ಎಫ್ ಅಂತಾಗಿ, ತೀರ ದಪ್ಪ ಮತ್ತು ತೀರ ತೆಳು ತಂತಿ ಒಂದಕ್ಕೊಂದು ಕಿತ್ತಾಡುತ್ತಿದ್ದವು, ಆರೂ ತಂತಿ ಸೇರಿಸಿ ಕಾರ್ಡ್ ಹಿಡಿಯುವುದು ಬೆರಳಿಗೆ ಹಿಂಸೆಯಾಗುತ್ತಿತ್ತು. ಆ ಒಂದು ಕಡಿತದಿಂದ ತೀರ ತೆಳು ತಂತಿ ಮತ್ತೆ ಇ ಆಗುತ್ತದೆ. ನಾನು ಎತ್ತಿಟ್ಟ ಆಕಾರದಲ್ಲಿ ತೋರುಬೆರಳು ಬಿದ್ದದ್ದು ಸರಿಯಾಗಿ ಆ ಬಿ ತಂತಿಯ ಮೇಲೆ. ಸಿ ಶಾರ್ಪ್ ಬರಬೇಕಾದಲ್ಲಿ ಸಿ ಬಂತು. ಅದೇ ಎ ಕಾರ್ಡ್‌ನ ಮೂರನೇ ಸ್ವರ.

ಇಷ್ಟು ವರ್ಷ ನಾನು ತಳದಲ್ಲಿ ಹಾಕುತ್ತಿದ್ದ ಎ, ಇ ಎರಡೂ ಅಲ್ಲಾಡಿರಲಿಲ್ಲ. ಒಂದು ಫ್ರೆಟ್, ಒಂದು ಬೆರಳು, ಹಾಡಿನ ಮನಸ್ಸೇ ಬೇರೆ. ಪುಸ್ತಕ ಓದಿ ಗೊತ್ತಿದ್ದದ್ದು ಆ ಸಂಜೆ ಕೈಗೆ ಗೊತ್ತಾಯಿತು. ನಿಜ ಹೇಳಬೇಕೆಂದರೆ ಕಣ್ಣು ತೇವವಾಗಿತ್ತು.

ಅಲ್ಲಿಂದ ಬೇಸ್ ಹಿಡಿದಾಗ ಕಿವಿ ಬೇರೆಯೇ ಆಗಿದೆ. ಎ ಮೈನರ್‌ನಿಂದ ಸಿ ಗೆ ಹೋಗುವಾಗ ಗಿಟಾರಿಸ್ಟ್ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಇದ್ದಲ್ಲೇ ಬಿಟ್ಟು ಉಂಗುರ ಬೆರಳೊಂದನ್ನೇ ಸರಿಸುತ್ತಾನೆ. ನಾನು ಹಿಂದೆ ಎ ಇಂದ ಸಿ ಗೆ ದೊಡ್ಡ ಹೆಜ್ಜೆ ಹಾಕಿ, ಏನೋ ಭಾರಿ ಬದಲಾವಣೆ ಆಗಿದೆ ಅನ್ನುವ ಹಾಗೆ ನುಡಿಸುತ್ತಿದ್ದೆ. ಮೇಲೆ ಬದಲಾಗಿರುವುದು ಒಂದೇ ಸ್ವರ. ಅದು ಗೊತ್ತಾದ ಮೇಲೆ ಆ ಹೆಜ್ಜೆ ಮೆತ್ತಗಾಗಿದೆ. ಅವನು ಸಿ ನುಡಿಸುತ್ತಿರುವಾಗ ನಾನು ಕೆಳಗೆ ಎ ಹಾಕಿದರೆ ಕೇಳುವವರ ಕಿವಿಗೆ ಅದು ಎ ಮೈನರ್ ಸೆವೆನ್ ಅನ್ನುವ ಬೇರೆಯೇ ಕಾರ್ಡ್. ಇ ಹಾಕಿದರೆ ಅದೇ ಸಿ ಒಂಟಿಕಾಲಲ್ಲಿ ನಿಂತ ಹಾಗೆ, ಮುಂದೆ ಎಲ್ಲಿಗೋ ಹೋಗಬೇಕು ಅನ್ನಿಸುತ್ತದೆ. ಅವನು ಬೆರಳು ಅಲ್ಲಾಡಿಸದೆಯೇ ಅವನ ಕಾರ್ಡ್‌ನ ಅರ್ಥವನ್ನು ನಾನು ಬದಲಿಸಬಲ್ಲೆ. ಎಷ್ಟು ದೊಡ್ಡ ಜವಾಬ್ದಾರಿ ಅಂತ ಗಿಟಾರ್ ಹಿಡಿಯುವ ಮೊದಲು ಗೊತ್ತಿರಲಿಲ್ಲ.

ವೇದಿಕೆಯ ಮೇಲಿನ ಲಾಭ ಇನ್ನೂ ನೇರ. ಈಗ ಅವನ ಎಡಗೈ ನೋಡಿದರೆ ಮುಂದಿನ ಕಾರ್ಡ್ ಓದಬಲ್ಲೆ. (ಒಂದು ಎಚ್ಚರ: ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿಹಿಡಿಯುವ ಕ್ಲಿಪ್, ಹಾಕಿದ್ದರೆ ಕಾಣುವುದೇ ಬೇರೆ, ಕೇಳುವುದೇ ಬೇರೆ. ಎರಡನೇ ಫ್ರೆಟ್‌ನಲ್ಲಿ ಕ್ಯಾಪೋ ಇದ್ದು ಕೈ ಜಿ ಆಕಾರದಲ್ಲಿದ್ದರೆ ನುಡಿಯುತ್ತಿರುವುದು ಎ.)

ಮತ್ತೊಂದು ಪಾಠ ಗಿಟಾರ್ ಬದಿಯಿಂದಲೇ ಸಿಕ್ಕಿತು. ಒಮ್ಮೆ ಇನ್ನೊಬ್ಬರು ಬೇಸ್ ನುಡಿಸುವಾಗ ನಾನು ಗಿಟಾರ್ ಹಿಡಿದು ಆರೂ ತಂತಿ ಉತ್ಸಾಹದಿಂದ ಬಾರಿಸಿದೆ. ಅವರ ಬೇಸ್ ಮಸುಕಾಗಿಹೋಯಿತು. ಅವರು ಓಡಾಡುವ ಜಾಗದಲ್ಲೇ ನನ್ನ ಕೆಳಗಿನ ತಂತಿಗಳೂ ಗುಂಯ್‌ಗುಟ್ಟುತ್ತಿದ್ದವು. ಕೆಳಗಿನ ಎರಡು ತಂತಿ ಬಿಟ್ಟು ಮೇಲಿನ ನಾಲ್ಕನ್ನು ಮಾತ್ರ ನುಡಿಸಿದ ತಕ್ಷಣ ಅವರ ಸಾಲು ತೊಳೆದಿಟ್ಟ ಹಾಗೆ ಕೇಳಿತು. ಇಷ್ಟು ದಿನ ನನ್ನ ಬೇಸ್ ಕೇಳಿಸುತ್ತಿಲ್ಲ ಅಂದಾಗೆಲ್ಲ ನಾನು ಆಂಪ್‌ನ ಸದ್ದು ಏರಿಸುತ್ತಿದ್ದೆ. ಈಗ ಗೆಳೆಯನಿಗೆ, "ಈ ಸಾಲಲ್ಲಿ ಕೆಳಗಿನ ತಂತಿ ಬಿಟ್ಟು ನುಡಿಸಿ ನೋಡೋಣ್ವಾ" ಅಂತ ಕೇಳುತ್ತೇನೆ. ಅವನ ಭಾಷೆಯಲ್ಲಿ ಕೇಳುವುದರಿಂದ ಅವನಿಗೂ ಬೇಸರವಿಲ್ಲ.

ಹಾಗಾಗಿ ಬೇಸ್ ನುಡಿಸುವ ಗೆಳೆಯರಿಗೆ ನನ್ನ ಮಾತು ಇಷ್ಟು: ಕಲಿಯಿರಿ, ಆದರೆ ಎಲ್ಲಿಯವರೆಗೆ ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ಎಂಟು ಹತ್ತು ಓಪನ್ ಕಾರ್ಡ್, ಎರಡು ಬಾರ್ ಆಕಾರ (ತೋರುಬೆರಳು ತಂತಿಗಳ ಮೇಲೆ ಅಡ್ಡ ಮಲಗುವಂಥದ್ದು), ನಾಲ್ಕು ಸ್ಟ್ರಮ್ಮಿಂಗ್ ಮಾದರಿ. ಅಲ್ಲಿಗೆ ನಿಲ್ಲಿಸಿದರೆ ಅದು ಅರ್ಧಕ್ಕೆ ಬಿಟ್ಟದ್ದಲ್ಲ. ಸೋಲೋಗಳ ಬೆನ್ನು ಹತ್ತಿದರೆ ಬೇಸ್‌ಗೆ ಕೊಡುವ ಸಮಯ ಕರಗುತ್ತದೆ, ಅದು ನನಗೆ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ ಗಿಟಾರ್, ಉಳಿದದ್ದೆಲ್ಲ ಬೇಸ್. ಸಾಧ್ಯವಾದರೆ ತೆಳು ತಂತಿಯ ಎಲೆಕ್ಟ್ರಿಕ್‌ನಲ್ಲಿ ಶುರು ಮಾಡಿ. ದಪ್ಪ ತಂತಿಯ ಅಕೂಸ್ಟಿಕ್ ಹಿಡಿದರೆ ನಮ್ಮ ಕೈಗೆ ಮತ್ತೆ ಅದುಮುವ ಚಟ ಹತ್ತುತ್ತದೆ.

ಈ ವಾರ ಎಫ್ ಶಾರ್ಪ್ ಮೈನರ್ ಬಾರ್ ಕಾರ್ಡ್ ಹಿಡಿದು ಕೂತಿದ್ದೇನೆ. ತೋರುಬೆರಳು ಎರಡನೇ ಫ್ರೆಟ್‌ನಲ್ಲಿ ಅಡ್ಡ ಮಲಗಬೇಕು. ಮೀಟಿದರೆ ಎಲ್ಲ ಸರಿ ಇದ್ದ ಹಾಗೆ ಕೇಳುತ್ತದೆ, ಆದರೆ ಏನೋ ಖಾಲಿ. ಒಂದೊಂದೇ ತಂತಿ ಮೀಟಿ ನೋಡಿದೆ. ಸತ್ತಿರುವುದು ಮೂರನೇ ತಂತಿ ಒಂದೇ, ಬೆರಳ ಗೆಣ್ಣಿನ ಗೆರೆಯೊಳಗೆ ಸಿಕ್ಕಿಬಿದ್ದಿದೆ. ಅಲ್ಲಿರುವುದು ಎ. ಈ ಕಾರ್ಡ್‌ನ ಮೂರನೇ ಸ್ವರ ಇರುವುದು ಅಲ್ಲೊಂದು ಕಡೆ ಮಾತ್ರ. ಉಳಿದ ಐದೂ ತಂತಿಯಲ್ಲಿ ಬರೀ ಎಫ್ ಶಾರ್ಪ್ ಮತ್ತು ಸಿ ಶಾರ್ಪ್. ಬೆರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ, ಸ್ವಲ್ಪ ಅಂಚಿಗೆ ಹೊರಳಿಸಿ ಮತ್ತೆ ಮೀಟಿದೆ. ನಿನ್ನೆ ರಾತ್ರಿ, ಹತ್ತು ಸಲದಲ್ಲಿ ಮೂರು ಸಲ, ಎ ಕೇಳಿಸಿತು.